ಎಲ್ಲಿಂದಲೂ ಬಾರದ ಬೆಳಕು

"ಇದೇನೇ ಇದು, ಬಿಸಿಲೋ ಮಸಿಯೋ? ಕಣ್ಣು ಇದೆಯಾ, ಇಲ್ಲ ಅದನ್ನೂ ನಿಮ್ಮಪ್ಪ ಒಗೆದು ಹಿಂಡಿಬಿಟ್ಟನಾ?"

ಮ್ಯಾನೇಜರು ಪೆನ್ನಿನ ತುದಿಯಿಂದ ಅವಳ ಪರದೆಯನ್ನು ಕುಟ್ಟುತ್ತಿದ್ದ. ಪರದೆಯ ಮೇಲೆ ಕಂಪನಿ ಕಟ್ಟಬೇಕೆಂದಿದ್ದ ಮೂವತ್ತು ಮಹಡಿಯ ಕಟ್ಟಡ ನಿಂತಿತ್ತು. ಗಾಜಿನ ಮೇಲೆ, ಬಾಲ್ಕನಿಯ ಹೂಕುಂಡಗಳ ಮೇಲೆ ಇಳಿಹೊತ್ತಿನ ಬಿಸಿಲು ಜೇನಿನಂತೆ ಹರಿದಿತ್ತು. ಅದರ ಬುಡದಲ್ಲಿದ್ದ ಬಯಲು ಮಾತ್ರ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಗಿತ್ತು.

"ಕಟ್ಟಡ ಅಷ್ಟು ಎತ್ತರ ಇದೆ ಸರ್. ನೆರಳು ಬಿದ್ದೇ ಬೀಳುತ್ತೆ."

"ನೆರಳು ಬೀಳುತ್ತೆ ಅಂತ ಹೇಳೋಕೆ ನೀನೇ ಬೇಕಾ? ನಮ್ಮನೆ ನಾಯಿಗೂ ಗೊತ್ತು ಅದು, ಸೋಪು."

ಸುತ್ತಲಿನ ಮೇಜುಗಳಲ್ಲಿ ನಗು ಎದ್ದಿತು. ಸೋಪು ಎಂಬುದು ಆಫೀಸು ಅವಳಿಗಿಟ್ಟ ಹೆಸರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದ್ದರು. ಬಟ್ಟೆ ಒಗೆಯುತ್ತಾರೆ ಎಂದು ಅವಳು ನೆಟ್ಟಗೆ ಹೇಳಿದ್ದಳು. ಅಂದಿನಿಂದ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕಿಟಕಿಯೇ ಇಲ್ಲದ ಆ ನೆಲಮಾಳಿಗೆಯಲ್ಲಿ ಕೂತು, ಇನ್ನೂ ಕಟ್ಟದ ಕಟ್ಟಡಗಳ ಮೇಲೆ ಬೆಳಕು ಚೆಲ್ಲುವುದು ಅವಳ ಕೆಲಸ. ಕಂಪ್ಯೂಟರಿನೊಳಗೆ ನೋಡುವ ಕಣ್ಣಿನಿಂದ ಕಿರಣಗಳು ಹೊರಡುತ್ತವೆ. ಗೋಡೆಗೆ ಬಡಿದು ಪುಟಿದು, ಇನ್ನೊಂದು ಗೋಡೆಗೆ ಬಡಿದು, ತಾಯಿಯನ್ನು ಹುಡುಕುವ ಕರುವಿನ ಹಾಗೆ ಸೂರ್ಯನನ್ನು ಹುಡುಕಿಕೊಂಡು ಓಡುತ್ತವೆ. ಎಷ್ಟು ಸಲ ಪುಟಿಯಬೇಕು, ಯಾವ ಗೋಡೆ ಎಷ್ಟು ಬೆಳಕು ನುಂಗಿ ಎಷ್ಟು ಉಗುಳಬೇಕು, ಯಾವ ದಿನದ ಯಾವ ಹೊತ್ತಿನ ಸೂರ್ಯ ಬೇಕು ಎಂಬುದನ್ನೆಲ್ಲ ಅವಳು ಒಂದೊಂದೇ ಚೌಕದಲ್ಲಿ ತುಂಬಬೇಕು. ಇಷ್ಟು ಎತ್ತರ ಕಟ್ಟುವವರು ಬುಡದಲ್ಲಿರುವ ಜನಕ್ಕೆ ಎಷ್ಟು ಬಿಸಿಲು ಉಳಿಯುತ್ತದೆಂದು ಸಭೆ ಕರೆದು ತೋರಿಸಬೇಕೆಂಬ ಕಾನೂನಿತ್ತು. ಈ ಚಿತ್ರ ಆ ಸಭೆಗೆಂದು ಮಾಡಿದ್ದು.

ಮ್ಯಾನೇಜರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ.

"ದಿನ ಬದಲಾಯಿಸು. ವರ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಹಗಲು ಯಾವುದು, ಅದನ್ನ ಹಾಕು. ಹೊತ್ತು, ನಡುಮಧ್ಯಾಹ್ನ."

ಹಾಕಿದಳು. ಸೂರ್ಯ ನೆತ್ತಿಗೇರಿದ. ಅಷ್ಟುದ್ದ ಚಾಚಿದ್ದ ನೆರಳು ಒದೆ ತಿಂದ ನಾಯಿಯಂತೆ ಮುದುಡಿ ಕಟ್ಟಡದ ಬುಡ ಸೇರಿತು. ಆದರೂ ಬಯಲಿನ ಒಂದು ಮಗ್ಗುಲು ಕಪ್ಪಗೇ ಇತ್ತು.

"ಗೋಡೆ ಯಾವುದು ಇದು?"

"ಸಿಮೆಂಟು ಸರ್. ಬಿದ್ದ ಬೆಳಕಲ್ಲಿ ಮೂರನೇ ಒಂದು ಪಾಲು ವಾಪಸ್ ಕೊಡುತ್ತೆ."

"ಹಾಲಿನ ಹಾಗೆ ಬೆಳ್ಳಗೆ ಮಾಡು. ಬಿದ್ದಿದ್ದೆಲ್ಲ ವಾಪಸ್ ಕೊಡಲಿ."

"ಅಂಥ ಗೋಡೆ ಲೋಕದಲ್ಲೇ ಇಲ್ಲ ಸರ್."

"ಈ ಕಟ್ಟಡಾನೂ ಇನ್ನೂ ಲೋಕದಲ್ಲಿಲ್ಲ. ಮಾಡೇ."

ಮಾಡಿದಳು. ಇನ್ನೂ ಸಾಲಲಿಲ್ಲ. ಮ್ಯಾನೇಜರು ಕೊನೆಯ ಚೌಕದ ಮೇಲೆ ಬೆರಳಿಟ್ಟ. ಅದು ಆಂಬಿಯೆಂಟ್ ಬೆಳಕು. ಸೂರ್ಯನಿಂದ ಬರುವುದಲ್ಲ, ದೀಪದಿಂದ ಬರುವುದಲ್ಲ, ಎಲ್ಲಿಂದಲೂ ಬಾರದೆ ಎಲ್ಲ ಕಡೆಗೂ ಸಮನಾಗಿ ಹರಡಿಕೊಳ್ಳುವ ಬೆಳಕು. ಅವಸರದ ಚಿತ್ರಗಳಲ್ಲಿ ಕತ್ತಲ ಮೂಲೆಗಳನ್ನು ಮುಚ್ಚಲು ಒಂದಿಷ್ಟು ಸುರಿಯುತ್ತಾರೆ.

"ಅಳತೆ ತೋರಿಸೋ ಚಿತ್ರದಲ್ಲಿ ಇದು ಸೊನ್ನೆ ಇರಬೇಕು ಸರ್. ಇಲ್ದಿದ್ರೆ ಅಳತೆಗೆ ಅರ್ಥಾನೇ ಇಲ್ಲ."

"ಈ ಬೆಳಕಿಗೆ ಅಪ್ಪ ಯಾರು ಅಂತ ಸಭೇಲಿ ಯಾವ ಬೋಳಿಮಗ ಕೇಳ್ತಾನೆ? ಏರಿಸು."

ಏರಿಸಿದಳು. ಬಯಲು ಬೆಳಗಿತು. ನೀರಿನ ತೊಟ್ಟಿ, ಹಗ್ಗದ ಕಂಬಗಳು, ಸಾಲಾಗಿ ಕೂತ ಒಗೆಯುವ ಬಂಡೆಗಳು ಎಲ್ಲ ಮಿಂದೆದ್ದ ಮಕ್ಕಳಂತೆ ಹೊಳೆದವು. ಆ ಬಂಡೆಗಳನ್ನು ಚಿತ್ರದಲ್ಲಿ ಕೂರಿಸಿದವಳು ಅವಳೇ. ಯಾವ ಬಂಡೆಯ ಯಾವ ಅಂಚು ಎಷ್ಟು ಸವೆದಿದೆಯೆಂದು ತಿಳಿಯಲು ಅವಳಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಅವಳು ಹುಟ್ಟಿದ್ದು ಆ ಬಯಲಿನಲ್ಲಿ. ಅವಳಪ್ಪ ಆ ಹೊತ್ತಿಗೂ ಅಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

"ನೋಡಿದ್ಯಾ? ಮನಸ್ಸಿದ್ರೆ ಮಾರ್ಗ," ಎಂದು ಮ್ಯಾನೇಜರು ಎದ್ದ. "ಸಭೇಲಿ ನಿಮ್ಮೋರಿಗೆ ನೀನೇ ತೋರಿಸು. ನಾವು ಹೇಳಿದ್ರೆ ಆ ಜನ ನಂಬಲ್ಲ."

"ನಾನು ಬೇಡ ಸರ್."

"ಬೇಡವಂತೆ! ಮತ್ತೆ ನಿನ್ನನ್ನ ಯಾಕೆ ಕೆಲಸಕ್ಕೆ ತಗೊಂಡಿದ್ದು ಅಂದುಕೊಂಡಿದ್ದೆ? ನಿನ್ನ ಬುದ್ಧಿವಂತಿಕೆ ನೋಡಿಯಾ?"

ಅವಳು ಹಾಗೆಯೇ ಅಂದುಕೊಂಡಿದ್ದಳು.

*

ಅವಳು ಮನೆಗೆ ಬರುವಾಗ ಬಯಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಆಸ್ಪತ್ರೆಯ ಚಾದರಗಳು ಒಂದು ಕಡೆ, ಹೋಟೆಲಿನ ಟವೆಲುಗಳು ಒಂದು ಕಡೆ. ಅಪ್ಪ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಮಡಚುತ್ತಿದ್ದ. ಒಗೆಯುವ ಸೋಡಾನೀರಿನಲ್ಲಿ ನೆಂದು ನೆಂದು ಅವನ ಬೆರಳುಗಳಲ್ಲಿ ಒದ್ದೆ ಯಾವುದು ಒಣ ಯಾವುದು ಎಂಬ ಅರಿವೇ ಸತ್ತುಹೋಗಿ ವರ್ಷಗಳಾಗಿದ್ದವು. ಅಪ್ಪನ ತಂಗಿ, ಇಡೀ ಬಯಲಿಗೆ ಗಂಟಲತ್ತೆ, ಹಗ್ಗದ ಆ ತುದಿಯಿಂದಲೇ ಕೂಗಿದಳು.

"ಬಂದಳಪ್ಪ ಸೂರ್ಯನ ಸೊಸೆ! ಏನೇ, ಇವತ್ತು ಎಷ್ಟು ಮನೆಗೆ ಬಿಸಿಲು ಹಂಚಿದೆ? ನಮಗೂ ಎರಡು ಮೊರ ತರಬಾರದಾಗಿತ್ತಾ?"

"ಸುಮ್ನಿರತ್ತೆ."

"ನಾನು ಸುಮ್ನಿದ್ರೆ ಈ ಬಯಲಿಗೆ ಯಾರೋ ಸತ್ತಿದ್ದಾರೆ ಅಂತ ಜನ ಸೇರ್ತಾರೆ ಕಣೇ." ಹಗ್ಗದಿಂದ ಚಾದರ ಎಳೆಯುತ್ತ ಹತ್ತಿರ ಬಂದಳು. "ಅಲ್ಲ, ಆ ಮುಂಡೇಮಕ್ಕಳು ಪಕ್ಕದಲ್ಲಿ ಅಷ್ಟೆತ್ತರ ಎಬ್ಬಿಸ್ತಾರಂತಲ್ಲ. ಬಿಸಿಲು ಬರುತ್ತೇನೇ ನಮಗೆ?"

ಅಪ್ಪನ ಕೈ ಮಡಿಕೆಯ ಮೇಲೆಯೇ ನಿಂತಿತು. ಅವಳು ಚಪ್ಪಲಿಯ ಪಟ್ಟಿ ಬಿಚ್ಚಲು ಬಗ್ಗಿದಳು.

"ಬರುತ್ತೆ."

"ಎಲ್ಲಿಂದ ಬರುತ್ತೆ?"

"ಗೋಡೆಗೆ ಬಿದ್ದು ವಾಪಸ್ ಬರುತ್ತಂತೆ."

"ಬರುತ್ತಂತೆ! ಹೋದ ಗಂಡನೇ ವಾಪಸ್ ಬರಲಿಲ್ಲ ನನಗೆ, ಇನ್ನು ಬಿಸಿಲು ಬರುತ್ತಾ?" ಅತ್ತೆ ತನ್ನ ಮಾತಿಗೆ ತಾನೇ ನಕ್ಕಳು. ಬೇರೆ ಹೆಂಗಸರೂ ನಕ್ಕರು.

ಅಪ್ಪ ನಗಲಿಲ್ಲ. ಪಡುವಣದಲ್ಲಿ, ಕಂಪನಿ ಕೊಂಡಿದ್ದ ಹಳೇ ಗಿರಣಿಯ ಮೋಟುಗೋಡೆಯತ್ತ ನೋಡಿದ. ಅಲ್ಲಿಂದ ಮೇಲಕ್ಕೆ, ಮೂವತ್ತು ಮಹಡಿ ಬರುವಷ್ಟು ಮೇಲಕ್ಕೆ ಕತ್ತೆತ್ತಿದ. ಆಮೇಲೆ ಮಗಳ ಬಾಗಿದ ತಲೆಯನ್ನು ನೋಡಿದ. ಪಟ್ಟಿ ಬಿಚ್ಚಿ ಎಷ್ಟೋ ಹೊತ್ತಾಗಿತ್ತು, ತಲೆ ಮಾತ್ರ ಮೇಲೇಳಲಿಲ್ಲ.

"ಅವಳು ಬರುತ್ತೆ ಅಂದಮೇಲೆ ಬರುತ್ತೆ ಬಿಡಿ," ಅಂದ.

ಒಳಗೆ ಊಟಕ್ಕೆ ಕೂತಾಗ ಅಪ್ಪ ಮೆಲ್ಲಗೆ ಕೇಳಿದ: "ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ ಮಗಳೇ?"

"ಇಲ್ಲಪ್ಪ."

"ಅಷ್ಟಿದ್ರೆ ಸಾಕು. ನಿನ್ನ ಕೈ ಒಣಗಿರಲಿ."

*

ಸಭೆ ಬಯಲಿನಲ್ಲೇ ಆಯಿತು. ಚಿತ್ರ ಕಾಣಬೇಕಾದರೆ ಕತ್ತಲೆ ಬೇಕೆಂದು ಕಂಪನಿಯವರು ಬೆಳಗ್ಗೆಯೇ ಬಂದು ಹಗ್ಗಗಳನ್ನು ಬಿಚ್ಚಿ, ಇಡೀ ಬಯಲಿಗೆ ಕಪ್ಪು ಬಟ್ಟೆಯ ಡೇರೆ ಎಳೆದರು. ಒಗೆದ ಬಟ್ಟೆ ಎಲ್ಲಿ ಒಣಗಿಸೋಣ ಎಂದು ಹೆಂಗಸರು ಕೇಳಿದ್ದಕ್ಕೆ, "ಒಂದು ದಿನ ಕೊಳೆ ಬಟ್ಟೆ ಹಾಕ್ಕೊಂಡರೆ ಯಾರೂ ಸಾಯಲ್ಲ" ಎಂದರು. ಬೆಳಗ್ಗೆ ಬರಬೇಕಿದ್ದ ಸರ್ಕಾರದ ಅಧಿಕಾರಿ ಬಂದದ್ದು ಹೊತ್ತು ಇಳಿಯತೊಡಗಿದ ಮೇಲೆ. ಅಷ್ಟರವರೆಗೂ ಹಿಂಡಿಟ್ಟ ಚಾದರಗಳ ಗಂಟುಗಳು ತೊಟ್ಟಿಯ ಪಕ್ಕ ಮುಗ್ಗಲು ವಾಸನೆ ಹಿಡಿಯುತ್ತ ಕೂತಿದ್ದವು. ಅಧಿಕಾರಿ ಕರವಸ್ತ್ರವನ್ನು ಮೂಗಿಗೆ ಹಿಡಿದೇ ಕುರ್ಚಿಯಲ್ಲಿ ಕೂತ.

ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ಬಯಲು, ಆ ಕಟ್ಟಡ, ಎಲ್ಲ ಕಡೆ ಬೆಳಕು. ಜನ ತಮ್ಮ ತಮ್ಮ ಬಂಡೆ ಗುರುತಿಸಿ "ಅದು ನಂದು, ಅದು ನಂದು" ಎಂದು ಬೆರಳು ಮಾಡಿ ನಕ್ಕರು.

ಗಂಟಲತ್ತೆ ಎದ್ದಳು. "ಏ ಸ್ವಾಮಿ, ಇದೆಂಥ ಬಿಸಿಲು? ಕಂಬಕ್ಕೂ ನೆರಳಿಲ್ಲ, ತೊಟ್ಟಿಗೂ ನೆರಳಿಲ್ಲ. ದೆವ್ವಕ್ಕೆ ನೆರಳಿರಲ್ಲ ಅಂತಾರೆ. ನಮ್ಮನ್ನ ಆಗಲೇ ಸಾಯಿಸಿ ದೆವ್ವ ಮಾಡಿದ್ದೀರಾ?"

"ಏಯ್, ಕೂತ್ಕೋ! ಹೆಂಗಸು ಅಂತ ಸುಮ್ಮನಿದ್ದರೆ!" ಮ್ಯಾನೇಜರು ಅಧಿಕಾರಿಯ ಕಡೆ ತಿರುಗಿದ. "ಸರ್, ಇದನ್ನ ಮಾಡಿದ್ದು ಇವರ ಮನೆ ಹುಡುಗೀನೇ. ಅವಳನ್ನೇ ಕೇಳಿ."

"ಏನಮ್ಮಾ, ಇದು ಸರಿ ಇದೆಯಾ?" ಅಧಿಕಾರಿ ಗಡಿಯಾರ ನೋಡುತ್ತ ಕೇಳಿದ.

ಅವಳು ಅಪ್ಪನತ್ತ ನೋಡಿದಳು. ಮ್ಯಾನೇಜರು ಅವಳ ಕುರ್ಚಿಯ ಕಾಲಿಗೆ ಬೂಟಿನಿಂದ ಒದ್ದ. "ಹೇಳೇ," ಎಂದಳು ಅತ್ತೆ ಆ ಕಡೆಯಿಂದ. ಡೇರೆಯಷ್ಟೂ ಕಣ್ಣು ಅವಳ ಮೇಲಿತ್ತು.

"ಸರಿ ಇದೆ ಸ್ವಾಮಿ."

ಹೇಳಿದವನು ಅಪ್ಪ. ಅವಳು ಸುಳ್ಳು ಹೇಳುವ ಮುಂಚೆ, ಆ ಸುಳ್ಳನ್ನು ತಾನೇ ಹೊತ್ತು ಎದ್ದು ನಿಂತಿದ್ದ. "ನಾನು ಈ ಬಯಲಿನ ಹಿರಿಯ. ಎಲ್ಲ ಮನೆ ಪರವಾಗಿ ಹೇಳ್ತಿದ್ದೀನಿ. ಬಿಸಿಲು ಬರುತ್ತೆ. ನಮ್ಮ ತಕರಾರಿಲ್ಲ."

"ಅಣ್ಣಾ! ಏನು ಹೇಳ್ತಿದ್ದೀಯ, ಬುದ್ಧಿ ನೆಟ್ಟಗಿದೆಯಾ?"

"ಸುಮ್ನೆ ಕೂತ್ಕೋ. ಬಾಯಿಬಡುಕಿ."

ಅತ್ತೆಗೆ ಅಣ್ಣ ನಾಲ್ಕು ಜನರೆದುರು ಅಂಥ ಮಾತು ಆಡಿದ್ದು ಅದೇ ಮೊದಲು. ಅವಳು ಕೂತಳು. ಅಧಿಕಾರಿ ಗುಮಾಸ್ತನಿಗೆ "ಬರಕೋ" ಎಂದ. ಅಪ್ಪ ಕೈಮುಗಿದುಕೊಂಡೇ ನಿಂತಿದ್ದ. ಬಿಳಿಚಿ ಊದಿದ ಆ ಬೆರಳುಗಳು ಪರದೆಯ ಬೆಳಕಿನಲ್ಲಿ ನೀರಿನಿಂದ ಆಗ ತಾನೇ ತೆಗೆದ ಹೆಣದ ಬೆರಳುಗಳಂತೆ ಕಂಡವು.

ಮಗಳು ಮೌಸಿನ ಮೇಲೆ ಕೈಯಿಟ್ಟಳು. ಎಲ್ಲಿಂದಲೂ ಬಾರದ ಬೆಳಕನ್ನು ಸೊನ್ನೆಗೆ ಇಳಿಸಿದಳು. ಹಾಲಿನಂಥ ಗೋಡೆಯನ್ನು ಸಿಮೆಂಟು ಮಾಡಿದಳು. ದಿನ, ಇಂದಿನದು. ಹೊತ್ತು, ಈಗಿನದು.

ಕಂಪ್ಯೂಟರು ಬೆಳಕನ್ನು ಹೊಸದಾಗಿ ಲೆಕ್ಕ ಹಾಕತೊಡಗಿ, ಪರದೆಯ ತುಂಬ ಮರಳು ಎರಚಿದಂತಾಯಿತು. ಏನೂ ತಿಳಿಯದೆ ಜನ ಗುಜುಗುಟ್ಟಿದರು. ನಿಧಾನವಾಗಿ ಕಾಳು ಕಾಳು ಕೂಡಿಕೊಂಡಿತು. ಮೊದಲು ಕಟ್ಟಡ ಮೂಡಿತು. ಆಮೇಲೆ ಅದರ ನೆರಳು. ನೆರಳು ತೊಟ್ಟಿಯನ್ನು ನುಂಗಿತು, ಬಂಡೆಗಳ ಸಾಲನ್ನು ನುಂಗಿತು, ಕಂಬಗಳನ್ನು ದಾಟಿ ಮನೆಗಳ ಬಾಗಿಲಿಗೆ ಬಂದು ಅಲ್ಲಿಯೂ ನಿಲ್ಲಲಿಲ್ಲ. ಬೆರಳು ಮಾಡಿ ತೋರಿಸಲು ಯಾರಿಗೂ ಯಾರ ಬಂಡೆಯೂ ಉಳಿಯಲಿಲ್ಲ.

"ಇದು ನಿಜ," ಎಂದು ಅವಳು ಎದ್ದಳು. "ಮೊದಲು ತೋರಿಸಿದ್ದು ಸುಳ್ಳು. ಇವರು ಮಾಡಿಸಿದ್ರು, ನಾನು ಮಾಡಿದೆ. ಅಪ್ಪ ಹೇಳಿದ್ದೂ ಸುಳ್ಳು. ನನಗೋಸ್ಕರ ಹೇಳಿದ."

ಮ್ಯಾನೇಜರು ಹಾರಿ ಬಂದು ತಂತಿ ಕಿತ್ತ. "ಕಂಪ್ಯೂಟರ್ ಕೆಟ್ಟಿದೆ ಸರ್. ಹುಡುಗಿಗೂ ತಲೆ ಸರಿ ಇಲ್ಲ."

"ಅದೆಲ್ಲ ನನಗೆ ಬೇಡ," ಎಂದು ಅಧಿಕಾರಿ ಎದ್ದ. "ಹಿರಿಯರ ಹೇಳಿಕೆ ಆಯ್ತು. ಮುಗೀತು."

"ಸ್ವಾಮಿ, ಆ ಬರೆದಿದ್ದನ್ನ ಹೊಡೆದುಹಾಕಿ!" ಅಪ್ಪ ಕುರ್ಚಿಗಳ ನಡುವೆ ಎಡವುತ್ತ ಓಡಿ ಬಂದ. "ತಪ್ಪಾಯ್ತು. ಬಿಸಿಲು ಬರಲ್ಲ ಸ್ವಾಮಿ, ನನಗೆ ಗೊತ್ತಿತ್ತು, ಬರಲ್ಲ. ನಾನು ಸುಳ್ಳು ಹೇಳಿದೆ."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ಗಳಿಗೆಗೊಂದು ಮಾತಾಡೋರ ಮಾತು ಯಾರು ಕೇಳ್ತಾರಯ್ಯಾ?" ಅಧಿಕಾರಿ ಅವನ ಕೈ ತನ್ನ ಅಂಗಿಗೆ ತಾಗದಂತೆ ಸರಿದು ನಡೆದ. "ಮೊದಲಿದ್ದೇ ಇರಲಿ."

ಮ್ಯಾನೇಜರು ಅವಳ ಚೀಲವನ್ನು ಮೇಜಿನ ಮೇಲೆ ಸುರಿದ. ಬಾಚಣಿಗೆ, ಊಟದ ಡಬ್ಬಿ, ಮುಟ್ಟಿಗೆಂದು ಮಡಚಿಟ್ಟ ಬಟ್ಟೆತುಂಡುಗಳು, ಎಲ್ಲ ಗಂಡಸರೆದುರು ಉರುಳಿದವು. ಆಫೀಸಿನ ಬಾಗಿಲು ತೆರೆಯುವ ಕಾರ್ಡನ್ನು ಆರಿಸಿಕೊಂಡು ಜೇಬಿಗಿಟ್ಟ. "ಹೋಗು. ಹೋಗಿ ಒಗಿ. ಹಲ್ಕಾ ಜನ."

ಕಾರುಗಳು ಹೊರಟವು. ಡೇರೆಯೊಳಗೆ ಯಾರೂ ಯಾರನ್ನೂ ನೋಡಲಿಲ್ಲ. ಎಲ್ಲರೂ ಅತ್ತೆಯ ಬಾಯಿಗೆ ಕಾದರು. ಅವಳು ಅಣ್ಣನನ್ನು ಬಯ್ಯುತ್ತಾಳೆ, ಅಣ್ಣನ ಮಗಳ ಜುಟ್ಟು ಹಿಡಿಯುತ್ತಾಳೆ, ಅಧಿಕಾರಿಯ ಏಳು ತಲೆಮಾರನ್ನು ತೊಳೆದು ಹಿಂಡುತ್ತಾಳೆ ಎಂದುಕೊಂಡರು. ಅವಳು ಬಟ್ಟೆ ಕತ್ತರಿಸುವ ಕತ್ತರಿ ತಂದು ಡೇರೆಯ ಹಗ್ಗಕ್ಕೆ ಹಾಕಿದಳು. "ಏ ಹೆಂಗಸೇ, ಅದು ಬಾಡಿಗೆ ಡೇರೆ!" ಎಂದು ಯಾರೋ ಕೂಗಿದರು. ಒಂದು ಹಗ್ಗ ಕಡಿಯಿತು. ಇನ್ನೊಂದನ್ನು ಬೇರೆ ಹೆಂಗಸೊಬ್ಬಳು ಕಡಿದಳು. ಕಪ್ಪು ಬಟ್ಟೆ ಕಂಪನಿಯ ಕುರ್ಚಿ ಮೇಜುಗಳ ಮೇಲೆ ಕುಸಿಯಿತು.

ಬಯಲಿನಲ್ಲಿ ಬಿಸಿಲಿರಲಿಲ್ಲ. ಗಿರಣಿಯ ಮೋಟುಗೋಡೆಯ ನೆರಳು ಆಗಲೇ ಎಲ್ಲವನ್ನೂ ದಾಟಿತ್ತು. ಮೂಡಣದ ಗೋದಾಮಿನ ಗೋಡೆಯ ಮೇಲೆ ಮಾತ್ರ ಒಂದು ಪಟ್ಟೆ ಉಳಿದಿತ್ತು, ಮೊಳದಗಲ.

"ಆಸ್ಪತ್ರೆದು ಮೊದಲು," ಎಂದಳು ಅತ್ತೆ. ಅವಳ ಗಂಟಲಿನಿಂದ ಅಷ್ಟೇ ಹೊರಟದ್ದು.

ಹೆಂಗಸರು ಒದ್ದೆ ಗಂಟುಗಳನ್ನು ಬಿಚ್ಚಿ ಆ ಗೋಡೆಯತ್ತ ಓಡಿದರು. ಅಲ್ಲಿ ಹಗ್ಗವಿರಲಿಲ್ಲ, ಕಂಬವಿರಲಿಲ್ಲ. ಇಬ್ಬಿಬ್ಬರು ಎರಡು ತುದಿ ಹಿಡಿದು ಚಾದರಗಳನ್ನು ಗೋಡೆಗೆ ಒತ್ತಿ ನಿಂತರು. ಅತ್ತೆ ಒಂದು ತುದಿ ಹಿಡಿದು ಹಿಂತಿರುಗಿ ನೋಡಿದಳು. ಮಗಳು ಹೋಗಿ ಇನ್ನೊಂದು ತುದಿ ಹಿಡಿದಳು. ತಣ್ಣನೆಯ ನೀರು ಮೊಣಕೈವರೆಗೆ ಇಳಿಯಿತು. ಅಪ್ಪ ಯಾರನ್ನೂ ಜೊತೆಗೆ ಕರೆಯಲಿಲ್ಲ. ಯಾರೋ ರೋಗಿಯ ಅಂಗಿಯೊಂದನ್ನು ತೋಳುಗಳಲ್ಲಿ ಹಿಡಿದು ಕೊನೆಯಲ್ಲಿ ಒಬ್ಬನೇ ನಿಂತ.

ಸೂರ್ಯ ಇಳಿದಂತೆ ಬೆಳಕು ಎದೆಮಟ್ಟಕ್ಕೆ ಏರಿತು. ಚಾದರಗಳೂ ಏರಿದವು. ಕುತ್ತಿಗೆ, ತಲೆ. ಕೆಲವರು ಕಂಪನಿಯ ಕುರ್ಚಿಗಳನ್ನು ಎಳೆದು ತಂದು ಹತ್ತಿದರು. ತುದಿಗಾಲಿನಲ್ಲಿ ನಿಂತು, ಕೈಗಳನ್ನು ಎಟುಕುವಷ್ಟೂ ಮೇಲೆತ್ತಿ, ಒದ್ದೆ ಬಟ್ಟೆಗಳನ್ನು ಆ ಪಟ್ಟೆಗೆ ಹಿಡಿದರು. ಬೆಳಕು ಅವರ ಬೆರಳ ತುದಿಗಳನ್ನು ದಾಟಿ ಗೋಡೆಯ ಮೇಲೆ ಮೇಲೆ ಹೋಯಿತು. ಯಾರೂ ಕೈ ಇಳಿಸಲಿಲ್ಲ.