ತೊಕುಜಿಯ ಖಾಲಿ ಲೋಟ

೧.
ಹೇಗೆ ಶುರು ಮಾಡಲಿ? ‘ಒಂದಾನೊಂದು ಊರಿನಲ್ಲಿ’ ಎಂದರೆ ಅಜ್ಜಿಕಥೆ. ‘ಲೋಡಿಂಗ್...’ ಎಂದರೆ ನೀವು ಎದ್ದು ಹೋಗುತ್ತೀರಿ. ಮುದುಕನಿಂದಲೇ ಶುರುವಾಗಲಿ. ತೊಕುಜಿ, ಒಸಾಕಾದ ನಮ್ಮ ಪುಟ್ಟ ಕಂಪನಿಯ ಹೊಸ ವಿಡಿಯೋ ಗೇಮಿನಲ್ಲಿ ಆಟಗಾರರ ಜೊತೆ ಬೆಟ್ಟ ಹತ್ತುವವನು. ಕೊಡೆ ರಿಪೇರಿಯವನು, ಮಾತು ಕೇಳಿದರೆ ಮಾತ್ರ ಕೊಡೆ ಎನ್ನುತ್ತಾನೆ. ಅವನ ಮಾತು ಬರೆಯುವುದು ನನ್ನ ಕೆಲಸ. (ಬರೆದದ್ದು ರಾಶಿ. ಅವನನ್ನು ರೂಪಿಸಿದ ಚಿಜುರು ಉಳಿಸಿದ್ದು ಒಂದು ‘ಹ್ಞೂಂ’. ಅದೂ ನನ್ನದಲ್ಲ.)

೨.
ಚಿಜುರುವಿನ ನಿಯಮ: ತೊಕುಜಿ ತನ್ನ ಚಹಾ ತಾನೇ ಬಗ್ಗಿಸಿಕೊಳ್ಳುವುದಿಲ್ಲ, ಆಟಗಾರರೇ ಬಗ್ಗಿಸಬೇಕು. ನಮ್ಮ ಜಪಾನಿನಲ್ಲಿ ಯಾರು ತಾನೇ ಬಗ್ಗಿಸಿಕೊಳ್ಳುತ್ತಾರೆ? ಪಕ್ಕದವರ ಲೋಟ ನಾವು ತುಂಬುವುದು, ನಮ್ಮದನ್ನು ಅವರು. ಆದರೆ ಆಟ ಪರೀಕ್ಷಿಸಲು ಬಂದವರೆಲ್ಲ, ಬಾಯಾರಿ ಕೂತ ಮುದುಕನನ್ನು ಬಿಟ್ಟು ಮೇಲೆ ಹತ್ತಿಹೋದರು.

“ಏನಮ್ಮಾ ಚಿಜುರು, ಇವನೇನು ಜೊತೆಗಾರನೋ ಲಗೇಜೋ?” ಎಂದ ಬಾಸ್ ಕುರಮೊಚಿ. “ತಾನೇ ಕುಡೀಲಿ ಬಿಡು. ಇಲ್ಲಾಂದ್ರೆ ಸಂಜೆಯೊಳಗೆ ಕಿತ್ತಾಕು.”

“ತಾನೇ ಕುಡಿದ್ರೆ ಅವನಿಗೆ ನಾವ್ಯಾಕೆ ಬೇಕು ಸಾರ್?”

ಇಡೀ ಆಟದಲ್ಲಿ ಅವಳದು ಎನ್ನಬಹುದಾದದ್ದು ಆ ಮುದುಕನೊಬ್ಬನೇ.

೩.
(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಚಿಜುರುವಿನ ಭಾಷಣವಿತ್ತು. ನನಗೇ ಆಕಳಿಕೆ ಬಂತು, ಹರಿದೆ.) ತೊಕುಜಿಯನ್ನೇ ಹಿಡಿದುಕೊಂಡೆ.

“ಸಂಜೆ ನಿನ್ನ ಡಿಲೀಟ್ ಮಾಡ್ತಾರೆ ಕಣೋ! ಏನಾದ್ರೂ ಹೇಳೋ!”

“ಹ್ಞೂಂ.”

೪.
ಮಧ್ಯಾಹ್ನದ ಊಟ. ಬಾಸ್‌ನ ಲೋಟ ಖಾಲಿ. ಕೆಟಲ್ ಅವನ ಮೊಣಕೈ ಪಕ್ಕದಲ್ಲೇ ಇದ್ದರೂ ಮುಟ್ಟುತ್ತಿಲ್ಲ. ಲೋಟ ತಿರುಗಿಸುತ್ತಾನೆ, ಕೆಮ್ಮುತ್ತಾನೆ, ಹವಾಮಾನ ಹೊಗಳುತ್ತಾನೆ. ನನಗೋ ಹಬ್ಬ! ಚಿಜುರು ಬಗ್ಗಿಸುವುದಿಲ್ಲ, ಬಾಸ್‌ಗೆ ಜ್ಞಾನೋದಯ, ಕಥೆ ಮುಗಿಯಿತು.

ಆ ಮಹಾತಾಯಿ ಕೆಟಲ್ ಎತ್ತಿ ಬಗ್ಗಿಸಿಯೇಬಿಟ್ಟಳು. ಅಭ್ಯಾಸ! ಬಾಸ್ ಕೆಟಲ್ ಕಸಿದುಕೊಂಡು ಅವಳ ಲೋಟ ತುಂಬಿದ. ಅದೂ ಅಭ್ಯಾಸ.

ಚಿಜುರು ತನ್ನ ಲೋಟವನ್ನೇ ನೋಡಿದಳು. “ಅಯ್ಯೋ, ತಪ್ಪು ನಂದೇ! ನಮ್ಮ ಮುದುಕ ಯಾರಿಗೂ ಒಂದ್ಸಲಾನೂ ಬಗ್ಗಿಸೇ ಇಲ್ವಲ್ಲ!”

“ಬೆಳಗ್ಗೆಯಿಂದ ಅದನ್ನೇ ಹೇಳ್ತಿದೀನಿ,” ಎಂದ ಬಾಸ್. (ಹೇಳಿರಲಿಲ್ಲ.) “ಸಂಜೆ ಒಬ್ಬರಾದ್ರೂ ಅವನಿಗೆ ಬಗ್ಗಿಸಿದ್ರೆ, ಇರ್ಲಿ.”

೫.
ಸಂಜೆ ಒಬ್ಬ ಹುಡುಗಿ ಆಡಲು ಕೂತಳು. ತೊಕುಜಿ ಮೊದಲು ಅವಳ ಲೋಟ ತುಂಬಿದ. ಆಮೇಲೆ ತನ್ನ ಖಾಲಿ ಲೋಟ ಹಿಡಿದು ಸುಮ್ಮನೆ ಕೂತ. ಹುಡುಗಿ ಕುಡಿದಳು. ಬೆಟ್ಟ ನೋಡಿದಳು. ಕುರ್ಚಿಯ ಹಿಂದಿನಿಂದ ಚಿಜುರು ಪರದೆಯತ್ತ ಬಗ್ಗಿದಳು.

ಮುಕ್ತಾಯ ಅ: ಹುಡುಗಿ ಬಗ್ಗಿಸುತ್ತಾಳೆ, ಬಾಸ್ ಅಳುತ್ತಾನೆ. (ಥೂ!)

ಮುಕ್ತಾಯ ಆ: ಹತ್ತಿಹೋಗುತ್ತಾಳೆ. (ಬರೆಯಲು ಕೈ ಬರುತ್ತಿಲ್ಲ.)

“ಯಾವುದು ಬರೀಲಪ್ಪಾ?” ಎಂದು ತೊಕುಜಿಯನ್ನು ಕೇಳಿದೆ. ಈ ಸಲ ‘ಹ್ಞೂಂ’ ಕೂಡ ಇಲ್ಲ. ನನ್ನತ್ತ ತಿರುಗಿ ನನ್ನ ಲೋಟ ತುಂಬಿದ (ಇದನ್ನು ನಾನು ಬರೆದಿರಲಿಲ್ಲ), ತನ್ನದನ್ನು ಚಾಚಿದ.

“ಕೈಯಲ್ಲಿ ಪೆನ್ನಿದೆ ಮಾರಾಯ,” ಎಂದೆ.

ಅವನು ಲೋಟ ಇಳಿಸಿಲ್ಲ. ಕೆಟಲ್ ನಿಮ್ಮ ಕಡೆಗಿದೆ.