ನೆಂಟರ ಬಚ್ಚಲು

"ಆ ಬಚ್ಚಲಲ್ಲ, ಈ ಕಡೆ ಬನ್ನಿ," ಎಂದು ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

ತಮ್ಮನ ಕಾಯಿಲೆಯ ಮೂಲ ಹುಡುಕಿ, ನೀರು ಪರೀಕ್ಷಿಸಲು ಆರೋಗ್ಯ ಇಲಾಖೆಯಿಂದ ಬಂದ ಹುಡುಗಿ ಮನೆಯವರ ಬಚ್ಚಲಿಗೆ ಕಾಲಿಡುವುದರಲ್ಲಿದ್ದಳು. ಒಳಗೆ ಹಿಡಿ ಮುರಿದ ಮಗ್ಗು, ಗೋಡೆ ತುಂಬ ಬಿಳಿ ಕಲೆ, ನಲ್ಲಿಯ ಮೇಲೆ ಗಂಡನ ಒದ್ದೆ ಬನಿಯನ್. ಅವಳ ತಮ್ಮ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರೂ ಆ ಬಚ್ಚಲನ್ನು ಪರರ ಕಣ್ಣಿಗೆ ಬೀಳಿಸಲು ಅವಳಿಗೆ ಮನಸ್ಸಿಲ್ಲ.

"ನನ್ನ ತಮ್ಮನ್ನ ಇಂಥದ್ರಲ್ಲಿ ಸ್ನಾನಕ್ಕೆ ಬಿಡ್ತೀನಾ? ಅವನಿಗೆ ಕೊಟ್ಟಿದ್ದು ನೆಂಟರ ಬಚ್ಚಲು."

ಹಜಾರದ ಕೊನೆಯ ಬಾಗಿಲಿನ ಬೀಗ ತೆಗೆದಳು. ಬಿಳಿ ಟೈಲ್ಸು, ಮಡಿಕೆ ಬಿಚ್ಚದ ಟವೆಲು, ಮೇಲಿನ ಅಕ್ಷರ ಸವೆಯದ ಸೋಪು. ತಮ್ಮನೂ ಆ ಸೋಪನ್ನು ಮುಟ್ಟಿರಲಿಲ್ಲ. ಊರಿಂದ ತಂದ ತನ್ನ ಸವೆದ ಬಿಲ್ಲೆಯಲ್ಲೇ ಮಿಂದಿದ್ದ.

"ಇದು ಬಚ್ಚಲಲ್ಲ, ವಸ್ತುಸಂಗ್ರಹಾಲಯ. ಟಿಕೆಟ್ ಇಡು ಅಂತ ಎಷ್ಟು ಸಲ ಹೇಳಿದ್ದೀನಿ," ಎಂದು ಹಿಂದಿನಿಂದ ಗಂಡ ಗೊಣಗಿದ. ಬೆಳಗಾದರೆ ಇನ್ನೊಂದು ಬಚ್ಚಲಿಗೆ ಮಕ್ಕಳ ಹಿಂದೆ ಸರದಿ ನಿಲ್ಲುವವನ ಸಂಕಟ ಅದು.

ಹುಡುಗಿ ಕೈಗವಸು, ಮುಖಗವಸು ಹಾಕಿ ಷವರಿನ ತಲೆ ಬಿಚ್ಚಿ ಅಂಗೈ ಮೇಲೆ ತಟ್ಟಿದಳು. ಕರಿ ಲೋಳೆಯ ಮುದ್ದೆ ಬಿತ್ತು.

ಅಕ್ಕ ನೋಡಿದಳು. ಆ ಬಿಳುಪಿನಲ್ಲಿ ಅದೆಲ್ಲಿತ್ತು? ಅಭ್ಯಾಸಬಲದಿಂದ ಹೆಗಲ ಮೇಲಿನ ಬಟ್ಟೆ ಎಳೆದು ಒರೆಸಲು ಕೈ ಚಾಚಿದಳು.

"ಮುಟ್ಟಬೇಡಿ. ನಿಮ್ಮ ತಮ್ಮ ಬರೋಕೆ ಮುಂಚೆ ಇಲ್ಲಿ ಯಾರು ಸ್ನಾನ ಮಾಡ್ತಿದ್ರು?"

"ಯಾರೂ ಇಲ್ಲಮ್ಮ. ಒಂದು ಹನಿ ಬೀಳೋಕೂ ಬಿಟ್ಟಿಲ್ಲ."

"ಗೀಸರ್?"

"ಉಗುರುಬೆಚ್ಚಗೆ ಇಟ್ಟಿದ್ದೆ. ಅವನಿಗೆ ಬಿಸಿ ತಡಿಯಲ್ಲ."

ಹುಡುಗಿ ಲೋಳೆಯನ್ನು ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದಳು. "ಪರೀಕ್ಷೆಯ ಫಲಿತಾಂಶ ಬರಲಿ. ಆದ್ರೆ ನಿಂತ ನೀರು, ಉಗುರುಬೆಚ್ಚಗೆ... ಡಾಕ್ಟರಿಗೆ ಅನುಮಾನ ಇರೋ ಆ ನ್ಯುಮೋನಿಯಾ ರೋಗಾಣುವಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಷವರಿನ ತುಂತುರಲ್ಲಿ ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ನಿಮ್ಮ ತಮ್ಮನ ಹಾಗೆ ಸಿಗರೇಟು ಸೇದೋರಿಗೆ ಅಪಾಯ ಇನ್ನೂ ಜಾಸ್ತಿ."

"ಆ ಕೊಳಕು ಬಚ್ಚಲು?"

"ಅಲ್ಲಿ ದಿನಾ ನೀರು ಹರಿಯುತ್ತಲ್ಲ."

ಅಕ್ಕನಿಗೆ ತನ್ನದೇ ದನಿ ಕೇಳಿಸಿತು. ಇದೇ ಬಾಗಿಲಾಚೆ ನಿಂತು ಕೂಗಿದ್ದಳು: "ಅವಸರ ಮಾಡಬೇಡ್ವೋ! ಇನ್ನೊಂಚೂರು ನಿಂತ್ಕೋ. ನಿನ್ನ ಬಾಡಿಗೆ ಕೋಣೇಲಿ ಇಂಥ ಸುಖ ಎಲ್ಲಿ ಬರಬೇಕು?" ಒಳಗಿನಿಂದ ತಮ್ಮ ಕೆಮ್ಮುತ್ತಾ ನಕ್ಕಿದ್ದ. ಜೀವಮಾನವಿಡೀ ಬಸ್ ಓಡಿಸಿದವನು ವಿಶ್ರಾಂತಿಗೆಂದು ಬಂದಿದ್ದ.

ಗಂಡನ ಫೋನು ಬಡಿದುಕೊಂಡಿತು. ಹೂಂ, ಹೂಂ ಎಂದು ಇಟ್ಟ. "ಆಸ್ಪತ್ರೇಲಿ ಔಷಧಿ ಬದಲಾಯಿಸಿದ್ದಾರಂತೆ. ಇನ್ನೂ ಕಣ್ಣು ಬಿಟ್ಟಿಲ್ಲ." ಹೆಂಡತಿಯ ಮುಖ ನೋಡಿದ, ಫೋನನ್ನು ಜೇಬಿಗಿಳಿಸಿದ.

ಹುಡುಗಿ ನೀರಿನ ಮಾದರಿ ತುಂಬಿಕೊಂಡು ಗೀಸರನ್ನು ಪೂರ್ತಿ ಬಿಸಿಗೆ ತಿರುಗಿಸಿದಳು. ನೀರು ಕಾದ ಮೇಲೆ ಕಿಟಕಿ ತೆರೆದು, ಹನಿ ಸಿಡಿಯದಂತೆ ಷವರಿನ ಪೈಪಿನ ಬಾಯಿ ಬಕೆಟ್ಟಿನೊಳಗಿಟ್ಟು ಹರಿಯಬಿಟ್ಟಳು. "ದೂರ ನಿಲ್ಲಿ. ಫಲಿತಾಂಶ ಬರೋವರೆಗೆ ಇಲ್ಲಿ ಸ್ನಾನ ಬೇಡ. ಆಮೇಲೆ ದಿನಾ ಬಳಸಿ. ಬಳಸದಿದ್ರೆ ವಾರ ವಾರ ಹೀಗೇ ಹರಿಬಿಡಿ."

"ಬಳಸ್ತೀವಿ," ಎಂದ ಗಂಡ, ಮೆಲ್ಲಗೆ.

ಅಕ್ಕ ಹಜಾರದ ಗೋಡೆಗೊರಗಿ ನಿಂತೇ ಇದ್ದಳು. ಬಕೆಟ್ಟು ತುಂಬಿ ಚೆಲ್ಲಿತು. ಒಳಗೆ ಸೋಪಿನ ತಟ್ಟೆಯಲ್ಲಿ ಅಕ್ಷರ ಸವೆಯದ ಸೋಪು. ಅದರ ಪಕ್ಕದಲ್ಲಿ ತಮ್ಮನ ತೆಳ್ಳನೆಯ ಬಿಲ್ಲೆ, ಒಣಗಿ ಬಿರುಕು ಬಿಟ್ಟಿತ್ತು.