ಸೈರನ್ ಹತ್ತಿರ ಎಡಕ್ಕೆ

ಶ್ಯಾಮಲ ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಒಲೆಗೂ ನಡುವೆ ಓಡಾಡುತ್ತಿದ್ದಳು. ಲೈನ್ ಮನೆ ಎಂದರೆ ಅದೆಷ್ಟು ದೊಡ್ಡದು? ಚಿನ್ನದ ಗಣಿಯ ಕೆಲಸದವರಿಗೆಂದು ಕಂಪನಿ ಸಾಲಾಗಿ ಕಟ್ಟಿಸಿದ ಗೂಡುಗಳಲ್ಲಿ ಅದೂ ಒಂದು. ಮೈ ಮುರಿಯಲು ಕೈ ಚಾಚಿದರೆ ಗೋಡೆಗೆ ತಾಗುತ್ತದೆ. ಆದರೂ ಹುಡುಗಿ ನಡೆಯುವುದನ್ನು ಬಿಟ್ಟಿರಲಿಲ್ಲ.

“ಒಂದ್ಕಡೆ ಕೂತ್ಕೊಳ್ಳೇ. ನಿನ್ನ ನೋಡ್ತಿದ್ರೆ ನಂಗೆ ತಲೆ ಸುತ್ತದೆ,” ಎಂದಳು, ಹುಡುಗಿ ಪಾಟಿ ಎಂದು ಕರೆಯುವ ಅಜ್ಜಿ ಅಮ್ಮಾಜಮ್ಮ, ಕಡಲೆಕಾಳಿನ ಸುಂಡಲ್‌ಗೆ ಒಗ್ಗರಣೆ ಹಾಕುತ್ತ.

“ರೈಲು ಬಂದು ಎಷ್ಟೊತ್ತಾಯ್ತು ಪಾಟಿ! ಇಷ್ಟೊತ್ತಿಗೆ ಅವ್ರು ಇಲ್ಲಿರ್ಬೇಕಿತ್ತು.”

ಅವರು ಎಂದರೆ ಹಾಸನದ ಸುಮಲತ. ಬೆಂಗಳೂರಿಗೆ ಯಾವುದೋ ತರಬೇತಿಗೆ ಬಂದಿದ್ದ ಬ್ಯಾಂಕಿನಾಕೆ. ಕೆಜಿಎಫ್ ಎಂಬ ಊರನ್ನು ಕಣ್ಣಿಂದ ಕಂಡವರಲ್ಲ, ಮತ್ತು ಈ ಕೆಲಸಕ್ಕೆ ಅವರಲ್ಲಿ ಬೇಕಾದ ಅರ್ಹತೆ ಅದೊಂದೇ. ಶ್ಯಾಮಲ ಮತ್ತು ಅವಳ ಕಾಲೇಜಿನವರು ಸೇರಿ ತಮ್ಮ ಸೀಮೆಗೊಂದು ಪ್ರವಾಸ ಕೈಪಿಡಿ ಮಾಡಿ ಇಂಟರ್‌ನೆಟ್‌ಗೆ ಹಾಕುತ್ತಿದ್ದರು. ಅವರ ಮೇಷ್ಟ್ರು ಕಾಂತರಾಜ್ ಒಂದು ನಿಯಮ ಹಾಕಿಬಿಟ್ಟಿದ್ದರು. ಹೊಸಬರೊಬ್ಬರು ಫೋನಿನ ಮ್ಯಾಪ್ ನೋಡದೆ, ಮಕ್ಕಳು ಬರೆದಿದ್ದನ್ನಷ್ಟೇ ಓದಿಕೊಂಡು ದಾರಿ ಮುಗಿಸಬೇಕು. ಬರೆದವರು ಎದುರು ಹೋಗಿ ಕರೆತರುವಂತಿಲ್ಲ. ಹೊಸಬರು ದಾರಿ ತಪ್ಪಿದರೆ ಆ ಪುಟ ಕೈಪಿಡಿಯಿಂದ ಹೊರಗೆ.

ಬಂಗಾರಪೇಟೆಯ ಪುಟ ಹೋದ ವಾರವೇ ಪಾಸಾಗಿತ್ತು. ಅದರಲ್ಲೇನು ದೊಡ್ಡಸ್ತಿಕೆ? ಸ್ಟೇಷನ್ನಿಂದ ಹೊರಬಿದ್ದರೆ ಪಾನಿಪುರಿ ಅಂಗಡಿಗೆ ಮೂಗೇ ಕರೆದುಕೊಂಡು ಹೋಗುತ್ತದೆ. ಅದನ್ನು ಬರೆದ ಸಹಪಾಠಿ ಮುನೀಂದ್ರ ಮಾತ್ರ ಯುದ್ಧ ಗೆದ್ದವನಂತೆ ಅಮ್ಮಾಜಮ್ಮನ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಂಗಾರಪೇಟೆ ಪಕ್ಕದ ಹಳ್ಳಿಯವನು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬೈಕಿನಲ್ಲಿ ಬಂದಿದ್ದ. ಪುಟ ಹಾಕುವುದು, ತೆಗೆಯುವುದು ಎರಡೂ ಅವನ ಕೈಯಲ್ಲೇ ಇದ್ದವು.

“ನಿನ್ ಪೇಜು ಓಯ್ತು ಬಿಡಮ್ಮಿ,” ಎಂದ.

“ಬಾಯಿ ಮುಚ್ಕೊಂಡು ಕೂತ್ಕೋ.”

ಅವಳಿಗದು ತಮಾಷೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಈ ಊರಿನಿಂದ ರೈಲು ತುಂಬ ಜನ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೊರಡುತ್ತಾರೆ. ಅವಳ ಅಪ್ಪ, ಅಮ್ಮ ಇಬ್ಬರೂ ಅದರಲ್ಲೇ ನೇತಾಡಿಕೊಂಡು ಹೋಗುವವರು. ಸಂಜೆ ಇಳಿಯುವವರೂ ಅವರೇ. ಊರು ನೋಡಲೆಂದೇ ಇಲ್ಲಿನ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದವರನ್ನು ಶ್ಯಾಮಲ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಬ್ಬರಾದರೂ ಬರಲಿ, ನಮ್ಮೂರೂ ಒಂದು ಊರು ಅನ್ನಿಸಿಕೊಳ್ಳಲಿ ಎಂಬ ಹಟ ಅವಳಿಗೆ ಹಿಡಿದಿತ್ತು. ಈ ಪುಟ ಹೋದರೆ ಕೈಪಿಡಿಯಲ್ಲಿ ಪಾನಿಪುರಿ ಇರುತ್ತದೆ, ಕೆಜಿಎಫ್ ಇರುವುದಿಲ್ಲ.

ಬಿಸಿಲು ಏರಿತು. ಸುಂಡಲ್ ಆರಿತು. ಶ್ಯಾಮಲ ಫೋನಿನಲ್ಲಿ ತನ್ನ ಪುಟವನ್ನು ಮತ್ತೆ ಮತ್ತೆ ಓದಿದಳು. ‘ಸ್ಟೇಷನ್ನಿಂದ ಮಿಲ್ಲಿನ ಕಡೆಗೆ ನಡೆಯಿರಿ. ಮಿಲ್ ದಾಟಿ ಸೈರನ್ ಹತ್ತಿರ ಎಡಕ್ಕೆ ತಿರುಗಿ. ರೇಷನ್ ಡಿಪೋ ಆದ ಮೇಲೆ ಇಳಿಜಾರು, ಅಲ್ಲಿಂದ ಲೈನ್ ಮನೆಗಳು.’ ಇದರಲ್ಲಿ ತಪ್ಪುವುದಕ್ಕೆ ಏನಿದೆ? ಈ ಊರಿನ ಮಗು ಕೂಡ ಇಷ್ಟರಲ್ಲಿ ಮನೆ ಸೇರುತ್ತದೆ.

“ಪಾಪ, ಬಿಸ್ಲಲ್ಲಿ ಆ ಹೆಣ್ಣು ಎಲ್ಲಿ ಅಲೀತದೋ,” ಎಂದಳು ಅಮ್ಮಾಜಮ್ಮ.

ಅಷ್ಟು ಸಾಕಾಯಿತು. ಶ್ಯಾಮಲ ಚಪ್ಪಲಿ ಮೆಟ್ಟಿದಳು.

“ನೀನೇ ಕರ್ಕೊಂಡ್ ಬಂದ್ರೆ ರೂಲ್ ಮುರ್ದಂಗೆ,” ಎಂದ ಮುನೀಂದ್ರ. ಈ ಸಲ ಅವನ ದನಿಯಲ್ಲಿ ಗೇಲಿ ಇರಲಿಲ್ಲ. “ಆಮೇಲೆ ನಾನು ಪೇಜ್ ತೆಗೀಲೇಬೇಕು ಕಣೇ.”

“ತೆಗಿ,” ಎಂದು ಅವಳು ಹೊರಟೇಬಿಟ್ಟಳು.

ತನ್ನ ದಾರಿಯನ್ನು ತಾನೇ ಹಿಂದುಮುಂದಾಗಿ ನಡೆದಳು. ಡಿಪೋ ಇದ್ದ ಕಡೆ ಯಾರೋ ಕೋಳಿ ಸಾಕಿದ್ದರು. ಡಿಪೋ ಎಂದು ಹೊಸಬರಿಗೆ ಹೇಗೆ ತಿಳಿಯಬೇಕು ಎಂದು ಅವಳಿಗೆ ಮೊದಲ ಸಲ ಹೊಳೆಯಿತು. ದಾರಿಯ ಮೂಲೆಯಲ್ಲಿ ಕುಪ್ಪುಸ್ವಾಮಿಯ ಟೀ ಅಂಗಡಿ. ಗಣಿಯೊಳಗೆ ಇಳಿದು ಕೆಲಸ ಮಾಡಿದ ಮುದುಕ, ಈಗ ಟೀ ಸೋಸುತ್ತಾನೆ.

“ತಾತ, ಹೊಸಬ್ರು ಒಬ್ರು ಬಂದಿದ್ರಾ?”

“ಬಂದಿದ್ರು. ಸೈರನ್ ಎಲ್ಲಿ ಅಂದ್ರು. ಇದೇ ಅಲ್ವಾಮ್ಮಾ ಅಂದೆ. ನನ್ ಮಕ ಒಂದ್ಸಲ ನೋಡಿ ಅಂಗೇ ಓಗ್ಬಿಟ್ರು. ಯಾಕೋ ಗೊತ್ತಿಲ್ಲ.”

ಇದೇ ಎಂದು ಅವನು ಮತ್ತೆ ಕೈ ತೋರಿಸಿದ. ಶ್ಯಾಮಲ ಆ ಕೈ ತೋರಿದ ದಿಕ್ಕಿಗೆ ನೋಡಿದಳು. ಬಯಲು. ಲಂಟಾನ ಪೊದೆ, ಒಣಗುತ್ತಿದ್ದ ಯಾರದೋ ಸೀರೆ, ಅದರಾಚೆ ಚಿನ್ನ ತೆಗೆದು ಎಸೆದ ಮಣ್ಣಿನ, ಬೂದು ಬಣ್ಣದ ಸೈನೈಡ್ ಗುಡ್ಡ. ಸೈರನ್ ಇಲ್ಲ. ಅದನ್ನು ಹೊತ್ತ ಕಂಬವಿಲ್ಲ. ಅದಿರು ಅರೆಯುತ್ತಿದ್ದ ಮಿಲ್ಲಿನ ಒಂದು ಗೋಡೆಯೂ ಇಲ್ಲ. ಗಣಿ ಮುಚ್ಚಿದ ಮೇಲೆ ಕಬ್ಬಿಣ ಎಂಬುದನ್ನೆಲ್ಲ ಕಿತ್ತು ಲಾರಿಗೆ ಹೇರಿದ್ದರು, ಅವಳು ಹುಟ್ಟುವ ಮೊದಲೇ. ಗಣಿಯ ಪಾಳಿ ಬದಲಾದಾಗ ಆ ಸೈರನ್ ಕೂಗುತ್ತಿದ್ದುದನ್ನು ಅವಳು ಒಮ್ಮೆಯೂ ಕೇಳಿಲ್ಲ. ಆದರೆ ನಡೆಯಲು ಕಲಿತಂದಿನಿಂದ ದಿನವೂ ಅದರ ಹತ್ತಿರ ಎಡಕ್ಕೆ ತಿರುಗಿದ್ದಾಳೆ. ಸೈರನ್ ಹತ್ರ ಸಿಗು, ಸೈರನ್ ತಂಕ ಬಿಟ್ಬಾ, ಸೈರನ್ ದಾಟಿ ಓಗ್ಬೇಡ ಎಂದು ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅಲ್ಲಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ನೋಡಿರಲಿಲ್ಲ.

ಸುಮಲತ ಬಯಲಿನ ಆಚೆ ಬೇವಿನ ಮರದ ಕೆಳಗೆ ಚಪ್ಪಲಿ ಬಿಚ್ಚಿ ಕೂತಿದ್ದರು. ಮುಖ ಕೆಂಪಗಾಗಿತ್ತು.

“ಬರೆದವಳು ನೀನೇ ಏನಮ್ಮ? ನಿಮ್ಮೂರಲ್ಲಿ ಹೊಸಬರನ್ನ ಹೀಗೆ ಆಟ ಆಡಿಸ್ತಾರಾ? ಯಾರನ್ನ ಕೇಳಿದ್ರೂ ಇದೇ ಸೈರನ್, ಇದೇ ಸೈರನ್ ಅಂತಾರೆ. ಏನಿದೆ ಇಲ್ಲಿ?”

“ಕ್ಷಮಿಸಿ ಮೇಡಮ್. ಇಲ್ಲಿಂದ ಎಡಕ್ಕೆ…”

“ಯಾವುದರ ಎಡಕ್ಕೆ?”

ಶ್ಯಾಮಲಳ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕೊನೆಗೆ ಸುಮಲತರ ಚೀಲವನ್ನು ಇಸಿದುಕೊಂಡು ಮುಂದೆ ನಡೆದಳು. ಅವರು ಹಿಂದೆ ಬಂದರು.

ಮನೆಯಲ್ಲಿ ಅಮ್ಮಾಜಮ್ಮ ನೀರು ಕೊಟ್ಟಳು, ಸುಂಡಲ್ ಕೊಟ್ಟಳು, ಬೀಸಣಿಗೆ ಹಿಡಿದು ತಾನೇ ಗಾಳಿ ಹಾಕಿದಳು. ಮುನೀಂದ್ರ ಫೋನ್ ತೆಗೆದು ಶ್ಯಾಮಲಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಬೆರಳೊತ್ತಿದ, ಪುಟ ಹೋಯಿತು. ಇಷ್ಟು ದಿನ ರೇಗಿಸಿದವನಿಗೆ ಗೆದ್ದ ಕಳೆಯೇನೂ ಇರಲಿಲ್ಲ.

“ಯಾಕಂತೆ? ಏನು ತಪ್ಪು ಬರ್ದಿದ್ಳಂತೆ ನಮ್ ಹುಡ್ಗಿ?” ಎಂದಳು ಅಮ್ಮಾಜಮ್ಮ.

“ಸೈರನ್ ಸಿಗ್ಲಿಲ್ವಂತೆ ಅಜ್ಜಿ,” ಎಂದ ಮುನೀಂದ್ರ.

“ಅಯ್ಯೋ, ಅದೆಲ್ಲಿಗೆ ಓಗ್ತದಪ್ಪಾ? ಅಲ್ಲೇ ಐತಲ್ಲ.”

ಬೆಳಗಿನಿಂದ ತಡೆದಿದ್ದೆಲ್ಲ ಶ್ಯಾಮಲಳ ಬಾಯಿಂದ ಒಮ್ಮೆಲೇ ಹೊರಬಿತ್ತು. “ಇಲ್ಲ ಪಾಟಿ! ಇಲ್ಲ! ನಾನು ಹುಟ್ಟೋ ಮೊದ್ಲೇ ಕಿತ್ಕೊಂಡ್ಹೋದ್ರು. ಇಲ್ದೇ ಇರೋದನ್ನ ಐತೆ ಐತೆ ಅಂತ ನೀವೆಲ್ಲ ಸೇರಿ ನನ್ನ ತಲೆಗೆ ತುಂಬಿದ್ರಿ. ನಂಬ್ಕೊಂಡು ಬರ್ದೆ, ಪೆದ್ದಿ ಥರ!”

ಅಮ್ಮಾಜಮ್ಮ ಬೀಸಣಿಗೆ ನಿಲ್ಲಿಸಿದಳು. ಸಿಟ್ಟಾಗಲಿಲ್ಲ.

“ಕಿತ್ಕೊಂಡೋಗಿದ್ದು ನಂಗೊತ್ತಿಲ್ವಾ ಕಣ್ಣು? ಲಾರಿ ಓದ ದಿನ ನಿಮ್ ತಾತ ಊಟಾನೇ ಮಾಡ್ಲಿಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ಮತ್ತೆ ನೀನು ದಿನಾ ಎಲ್ಲಿ ತಿರುಗ್ತೀಯ?”

ಸುಮಲತ ಕೈಯಲ್ಲಿದ್ದ ಸುಂಡಲ್ ತಟ್ಟೆಯನ್ನು ಕೆಳಗಿಟ್ಟರು.

“ಹಾಗಾದ್ರೆ ಅಲ್ಲಿ ಏನೇನಿಲ್ಲ ಅನ್ನೋದನ್ನೇ ಬರಿಯಮ್ಮ,” ಎಂದರು. ಅವರ ಸಿಟ್ಟು ಇಳಿದಿತ್ತು. “ಮೊದಲೇ ಗೊತ್ತಿದ್ರೆ ಅದನ್ನ ನೋಡೋಕೇ ನಿಂತ್ಕೋತಿದ್ದೆ.”

ಮುನೀಂದ್ರ ಫೋನನ್ನು ಜೇಬಿಗಿಟ್ಟ. “ಇನ್ನೊಂದ್ಸಲ ಬರಿ, ಮುಂದಿನ್ ಭಾನ್ವಾರ ನಮ್ಮಮ್ಮನ್ನ ರೈಲು ಅತ್ತಿಸ್ತೀನಿ. ಇಷ್ಟ್ ಅತ್ರ ಇದ್ಕೊಂಡು ಅವಳು ಒಂದಿನಾನೂ ಇತ್ಲಾಗೆ ಕಾಲಿಟ್ಟಿಲ್ಲ. ಓದಾಕೆ ಬತ್ತದೆ ಅವಳಿಗೆ. ಮೇಷ್ಟ್ರುಗೆ ನಾನು ಯೋಳ್ತೀನಿ.”

ಶ್ಯಾಮಲ ಆಗಲೇ ಎದ್ದಿದ್ದಳು. ಕೂತು ಬರೆಯುವಷ್ಟು ತಾಳ್ಮೆ ಅವಳಿಗೆಲ್ಲಿಯದು?

“ಎಲ್ಲಿಗಮ್ಮಿ ಈ ಬಿಸ್ಲಲ್ಲಿ?” ಎಂದ ಮುನೀಂದ್ರ.

“ಸೈರನ್ ಹತ್ರ,” ಎಂದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಯಾರೂ ನಗಲಿಲ್ಲ.

ಮುನೀಂದ್ರ ಹಿಂದೆಯೇ ಬಂದ. ಟೀ ಅಂಗಡಿ ದಾಟಿ ಬಯಲಿಗೆ ಬಂದಾಗ ಅವನು ನಿಂತು ನಾಲ್ಕೂ ಕಡೆ ಕಣ್ಣಾಡಿಸಿದ.

“ಎಲ್ಲಿತ್ತು?”

ಪೊದೆಗಳ ಮೇಲೆ, ಒಣಗುತ್ತಿದ್ದ ಸೀರೆಗೂ ಮೇಲೆ, ಖಾಲಿ ಆಕಾಶಕ್ಕೆ ಶ್ಯಾಮಲ ಕೈ ಎತ್ತಿದಳು. ಅವಳ ಕೈ ಒಂದಿಷ್ಟೂ ತಡವರಿಸಲಿಲ್ಲ.

“ಇದೇ,” ಎಂದಳು.